ಗುಳಿಗೆ ಬದಲಿಸುವ ಮೊದಲು ರಕ್ತದಲ್ಲಿ ಎಷ್ಟಿದೆ ನೋಡಿ

ನಾನು ಬಳ್ಳಾರಿಯ ಮೆಡಿಕಲ್ ಕಾಲೇಜೊಂದರಲ್ಲಿ ಫಾರ್ಮಕಾಲಜಿ, ಅಂದರೆ ಮದ್ದುಗಳ ಶಾಸ್ತ್ರ, ಪಾಠ ಮಾಡುತ್ತೇನೆ. ನನ್ನ ಸಂಶೋಧನೆ ಫಿಟ್ಸ್ ಕಾಯಿಲೆಯ ಬಗ್ಗೆ: ಮೆದುಳಿನಲ್ಲಿ ಅದು ಹೇಗೆ ಏಳುತ್ತದೆ, ಗುಳಿಗೆ ಅದನ್ನು ಎಲ್ಲಿ ಹಿಡಿದು ನಿಲ್ಲಿಸುತ್ತದೆ ಅನ್ನುವುದು. ವಾರದ ಹೆಚ್ಚಿನ ದಿನ ಇಲಿಗಳ ಜೊತೆ ಲ್ಯಾಬಿನಲ್ಲಿರುತ್ತೇನೆ, ಒಂದು ದಿನ ಓಪಿಡಿಯಲ್ಲಿ ನರರೋಗ ತಜ್ಞರ ಪಕ್ಕದ ಕುರ್ಚಿಯಲ್ಲಿ. "ಇಲಿಗೆ ಕರೆಂಟ್ ಕೊಡೋದಕ್ಕೂ ಸಿರುಗುಪ್ಪದ ಪೇಷಂಟ್‌ಗೂ ಏನ್ ಸಂಬಂಧ ಮೇಡಂ?" ಎಂದು ಪಿಜಿ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಈ ಬರಹ ಅವರಿಗಾಗಿ. ವರ್ಷಗಟ್ಟಲೆ ಗುಳಿಗೆ ನುಂಗಿಸುತ್ತಲೇ "ಹತೋಟಿಗೆ ಬರವಲ್ದು" ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಮನೆಯವರಿಗೂ ಹೌದು.

ಈ ಕಾಯಿಲೆಯ ವಿಷಯದಲ್ಲಿ ಬಳ್ಳಾರಿಗೆ ಒಂದು ಹಳೆಯ ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಈ ಜಿಲ್ಲೆಯನ್ನೇ ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮಾನಸಿಕ ಕಾಯಿಲೆಗಳ ಜೊತೆಗೆ ಮೂರ್ಛೆರೋಗಕ್ಕೂ ಊರ ಹತ್ತಿರವೇ ಮದ್ದು ಸಿಗುವಂತಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಆಗ ಹಳ್ಳಿಗೆ ತಲುಪಿದ ಗುಳಿಗೆಗಳೆಂದರೆ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್. ಮೊದಲನೆಯದು ಫಿಟ್ಸ್‌ಗೆ ಆಗುತ್ತದೆಂದು ಜರ್ಮನಿಯ ಆಲ್ಫ್ರೆಡ್ ಹೌಪ್ಟ್‌ಮನ್ ತೋರಿಸಿದ್ದು 1912ರಲ್ಲಿ, ಎರಡನೆಯದನ್ನು ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಪ್ರಕಟಿಸಿದ್ದು 1938ರಲ್ಲಿ. ಹೊಸ ಮದ್ದುಗಳು ಎಷ್ಟೋ ಬಂದಿವೆ. ಆದರೂ ನಮ್ಮ ಓಪಿಡಿಗೆ ಬರುವ ಹಳೆಯ ಚೀಟಿಗಳಲ್ಲಿ ಫೆನಿಟಾಯಿನ್ ಹೆಸರೇ ಹೆಚ್ಚು ಕಾಣುತ್ತದೆ. ಹಾಗಾಗಿ ನನ್ನ ಕೆಲಸವೂ ಹೆಚ್ಚಾಗಿ ಅದರ ಸುತ್ತಲೇ.

ಮೆರಿಟ್ ಮತ್ತು ಪುಟ್ನಮ್ ಬೆಕ್ಕುಗಳಿಗೆ ಕರೆಂಟ್ ಕೊಟ್ಟು, ಯಾವ ರಾಸಾಯನಿಕ ಕೊಟ್ಟರೆ ಫಿಟ್ಸ್ ತಡೆಯುತ್ತದೆ ಎಂದು ಒಂದೊಂದಾಗಿ ನೋಡುತ್ತ ಹೋಗಿದ್ದರು. ನಾವು ಅದೇ ಕೆಲಸವನ್ನು ಇಲಿಗಳ ಮೇಲೆ ಮಾಡುತ್ತೇವೆ. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಒಪ್ಪಿಗೆ ಕೊಟ್ಟಷ್ಟೇ ಇಲಿಗಳ ಮೇಲೆ. ಎಲೆಕ್ಟ್ರೋಕನ್ವಲ್ಸೋಮೀಟರ್ ಅನ್ನುವ ಪುಟ್ಟ ಪೆಟ್ಟಿಗೆಯಿಂದ ಎರಡು ವೈರು ಬಂದಿರುತ್ತವೆ, ತುದಿಯಲ್ಲಿ ಕ್ಲಿಪ್ಪು. ಕ್ಲಿಪ್ಪನ್ನು ಸಲೈನಿನಲ್ಲಿ ಅದ್ದಿ ಇಲಿಯ ಎರಡೂ ಕಿವಿಗೆ ಹಾಕಬೇಕು. ಒಣಗಿದ್ದರೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ, ಅರೆಬರೆ ಫಿಟ್ಸ್ ಬಂದು ಲೆಕ್ಕ ಕೆಡುತ್ತದೆ. 150 ಮಿಲಿ ಆಂಪಿಯರ್, 0.2 ಸೆಕೆಂಡ್. ಗುಂಡಿ ಒತ್ತಿದ ತಕ್ಷಣ ನಾಲ್ಕೂ ಕಾಲು ಹೊಟ್ಟೆಯ ಕಡೆ ಮಡಚಿಕೊಳ್ಳುತ್ತವೆ. ಮರುಕ್ಷಣ ಹಿಂಗಾಲು ಎರಡೂ ಬಾಲದ ಕಡೆಗೆ ನೆಟ್ಟಗೆ ಚಾಚಿ ಸೆಟೆದುಕೊಳ್ಳುತ್ತವೆ. ಸ್ಟಾಪ್‌ವಾಚ್ ಒತ್ತಬೇಕಾದದ್ದು ಆಗ. ಚಾಚಿದ ಕಾಲು ಸಡಿಲವಾಗುವವರೆಗಿನ ಸೆಕೆಂಡುಗಳನ್ನು ಬರೆದುಕೊಳ್ಳಬೇಕು. ಆಮೇಲೆ ಮೈಯೆಲ್ಲ ಅದುರುತ್ತದೆ, ಇಲಿ ಮಂಕಾಗಿ ಬಿದ್ದಿರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಎದ್ದು ಮೂಗು ಆಡಿಸುತ್ತ ಮೂಲೆ ಸೇರುತ್ತದೆ. ಅರ್ಧ ಗಂಟೆ ಮುಂಚೆ ಕೆಜಿ ತೂಕಕ್ಕೆ 25 ಮಿ.ಗ್ರಾಂ ಲೆಕ್ಕದಲ್ಲಿ ಹೊಟ್ಟೆಯೊಳಗೆ ಫೆನಿಟಾಯಿನ್ ಚುಚ್ಚಿದ್ದರೆ ಅದೇ ಕರೆಂಟಿಗೆ ಹಿಂಗಾಲು ಚಾಚುವುದಿಲ್ಲ. ಅದುರುವುದು ಉಳಿದಿರಬಹುದು, ಸೆಟೆಯುವುದು ಇರುವುದಿಲ್ಲ. ಮೊದಲ ಸಲ ನೋಡಿದ ವಿದ್ಯಾರ್ಥಿಗಳು ಯಾರೂ ಇದನ್ನು ಮರೆತದ್ದಿಲ್ಲ.

ಬಳ್ಳಾರಿಯಲ್ಲಿ ಈ ಪ್ರಯೋಗಕ್ಕೆ ದೊಡ್ಡ ವೈರಿ ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಇಲಿಗಳ ಕೋಣೆ 22ರ ಆಸುಪಾಸಿನಲ್ಲಿರಬೇಕು. ಮೈ ಬಿಸಿಯೇರಿದ ಇಲಿಗೆ ಫಿಟ್ಸ್ ಬರಲು ಸಣ್ಣ ಕಾರಣ ಸಾಕು. ಎಸಿ ನಿಂತು ಕೋಣೆ ಕಾದ ದಿನದ ಅಂಕಿಗಳನ್ನು ತಂಪಿದ್ದ ದಿನದ ಜೊತೆ ಹೋಲಿಸಿದರೆ, ಮದ್ದಿನ ಗುಣ ಯಾವುದು ಬಿಸಿಲಿನ ಗುಣ ಯಾವುದು ಎಂದು ಬಿಡಿಸಲು ಆಗುವುದಿಲ್ಲ. ಆದ್ದರಿಂದ ನಾವು ಬೇಸಿಗೆಯಲ್ಲಿ ಹೊಸ ಪ್ರಯೋಗ ಹೂಡುವುದಿಲ್ಲ. ಮಳೆಗಾಲದಿಂದ ಸಂಕ್ರಾಂತಿಯವರೆಗೆ ನಮ್ಮ ಸುಗ್ಗಿ. ಅದರಲ್ಲೂ ಬೆಳಗಿನ ಹೊತ್ತು, ದಿನವೂ ಒಂದೇ ವೇಳೆಗೆ.

ಎಂಇಎಸ್ ಎಂದು ಕರೆಯುವ ಈ ಕರೆಂಟಿನ ಪರೀಕ್ಷೆಗೆ ಜೋಡಿಯಾಗಿ ಇನ್ನೊಂದಿದೆ. ಪೆಂಟಿಲೀನ್‌ಟೆಟ್ರಜೋಲ್ (ಪಿಟಿಜೆಡ್) ಎಂಬ ರಾಸಾಯನಿಕವನ್ನು ಚುಚ್ಚಿ ಫಿಟ್ಸ್ ಬರಿಸುವುದು. ಮೆದುಳಿನಲ್ಲಿ ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ವಸ್ತುವಿದೆಯಲ್ಲ, ಅದರ ಕೆಲಸಕ್ಕೆ ಈ ರಾಸಾಯನಿಕ ಅಡ್ಡಬರುತ್ತದೆ. ಇಲ್ಲಿ ನಮ್ಮ ಫೆನಿಟಾಯಿನ್ ನಿಷ್ಪ್ರಯೋಜಕ. ವಾಲ್‌ಪ್ರೋಯೇಟ್, ಎಥೊಸಕ್ಸಿಮೈಡ್ ಕೆಲಸ ಮಾಡುತ್ತವೆ. ಮನುಷ್ಯರಲ್ಲೂ ಹಾಗೆಯೇ: ಕೈಕಾಲು ಸೆಟೆದು ಬೀಳುವ ಫಿಟ್ಸ್‌ಗೆ ಫೆನಿಟಾಯಿನ್ ಒಳ್ಳೆಯದು, ಶಾಲೆಯಲ್ಲಿ ಕೂತ ಮಗು ಕ್ಷಣಹೊತ್ತು ಶೂನ್ಯ ನೋಡುತ್ತ ನಿಂತುಬಿಡುವ 'ಆಬ್ಸೆನ್ಸ್' ಬಗೆಗೆ ಅದು ಬೇಡ.

ಇಲಿ ಎಲ್ಲವನ್ನೂ ಹೇಳಿಬಿಡುತ್ತದೆಂದು ಮಾತ್ರ ತಿಳಿಯಬೇಡಿ. ಇವತ್ತು ಎಲ್ಲ ಆಸ್ಪತ್ರೆಗಳಲ್ಲೂ ಬರೆಯುವ ಲೆವೆಟಿರಸೆಟಂ ಈ ಎರಡೂ ಪರೀಕ್ಷೆಯಲ್ಲಿ ಫೇಲಾದ ಮದ್ದು. ಆರೋಗ್ಯವಂತ ಇಲಿಗೆ ಕರೆಂಟ್ ಕೊಟ್ಟರೂ ರಾಸಾಯನಿಕ ಕೊಟ್ಟರೂ ಅದು ತಡೆಯಲಿಲ್ಲ. ಮತ್ತೆ ಮತ್ತೆ ಸಣ್ಣ ಪ್ರಚೋದನೆ ಕೊಟ್ಟು ಮೆದುಳಿಗೇ ಫಿಟ್ಸ್ ರೂಢಿ ಮಾಡಿಸಿದ ಇಲಿಗಳಲ್ಲಿ, ಅಂದರೆ ನಾವು ಕಿಂಡ್ಲಿಂಗ್ ಎನ್ನುವ ಮಾದರಿಯಲ್ಲಿ, ಚೆನ್ನಾಗಿ ತಡೆಯಿತು. ಅದು ಅಂಟಿಕೊಳ್ಳುವುದು ಎಸ್‌ವಿ2ಎ ಎಂಬ ಪ್ರೋಟೀನಿಗೆ ಎಂದು ಗೊತ್ತಾದದ್ದು 2004ರಲ್ಲಿ, ಆ ಹೊತ್ತಿಗೆ ಗುಳಿಗೆ ಅಂಗಡಿಗೆ ಬಂದು ವರ್ಷಗಳಾಗಿದ್ದವು. ಹಳೆಯ ಎರಡೇ ಪರೀಕ್ಷೆಯನ್ನು ನಂಬಿ ಕೂತಿದ್ದರೆ ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಹೊಸ ಗಿಡಮೂಲಿಕೆಯ ಸಾರವನ್ನು ತಂದು "ಒಂದು ಎಂಇಎಸ್, ಒಂದು ಪಿಟಿಜೆಡ್ ಮಾಡಿ ಥೀಸಿಸ್ ಮುಗಿಸೋಣ" ಅನ್ನುವ ವಿದ್ಯಾರ್ಥಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಫೆನಿಟಾಯಿನ್ ಮೆದುಳಿನಲ್ಲಿ ಏನು ಮಾಡುತ್ತದೆ? ನರಕೋಶದ ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳಿವೆ. ಅವು ತೆರೆದಾಗ ಸೋಡಿಯಂ ಒಳನುಗ್ಗಿ ಕೋಶ ಒಂದು ಸಲ ಮಿಡಿಯುತ್ತದೆ. ಮಿಡಿದ ಮೇಲೆ ಚಾನೆಲ್ ಕೆಲವು ಮಿಲಿಸೆಕೆಂಡು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದು, ಆಮೇಲೆ ಚೇತರಿಸಿಕೊಂಡು ಮತ್ತೆ ತಯಾರಾಗುತ್ತದೆ. ಫೆನಿಟಾಯಿನ್ ಅಂಟಿಕೊಳ್ಳುವುದು ಮುಖ್ಯವಾಗಿ ಆ ಸ್ಥಿತಿಗೆ. ಅದರಿಂದ ಚೇತರಿಕೆ ತಡವಾಗುತ್ತದೆ. ಮಾಮೂಲಿ ವೇಗದಲ್ಲಿ ಮಿಡಿಯುವ ಕೋಶಕ್ಕೆ ಈ ತಡ ಅಷ್ಟಾಗಿ ತಟ್ಟುವುದಿಲ್ಲ. ಫಿಟ್ಸ್ ಸಮಯದಲ್ಲಿ ಹುಚ್ಚು ವೇಗದಲ್ಲಿ ಮಿಡಿಯುವ ಕೋಶಕ್ಕೆ ತಟ್ಟುತ್ತದೆ. ಕಾರ್ಬಮಜೆಪೀನ್, ಲ್ಯಾಮೋಟ್ರಿಜಿನ್ ಇದೇ ದಾರಿಯವು. ಹುಡುಗ ಗುಳಿಗೆ ನುಂಗಿಯೂ ಲೆಕ್ಕ ಮಾಡುತ್ತಾನೆ, ಸೈಕಲ್ ಹೊಡೆಯುತ್ತಾನೆ, ಫಿಟ್ಸ್ ಮಾತ್ರ ಬರುವುದಿಲ್ಲ ಅನ್ನುವುದಕ್ಕೆ ಕಾರಣ ಇದೇ. ಆದರೆ ಈ ಆಯ್ದು ತಡೆಯುವ ಗುಣ ಒಂದು ಮಟ್ಟದವರೆಗೆ ಮಾತ್ರ. ರಕ್ತದಲ್ಲಿ ಮದ್ದು ಕಡಿಮೆಯಾದರೆ ಹುಚ್ಚು ಮಿಡಿತವೂ ನಿಲ್ಲದು, ಹೆಚ್ಚಾದರೆ ಮಾಮೂಲಿ ಮಿಡಿತಕ್ಕೂ ಪೆಟ್ಟು ಬೀಳುತ್ತದೆ. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಎಂಬ ಪುಸ್ತಕದ ಅಳತೆ ಬಂದದ್ದು ಹೀಗೆ.

ಇಲ್ಲಿಂದ ನನ್ನ ಕೆಲಸ ಲ್ಯಾಬಿನಿಂದ ಓಪಿಡಿಗೆ ದಾಟುತ್ತದೆ.

ಫೆನಿಟಾಯಿನ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ಬೇರೆ ಬಹುಪಾಲು ಮದ್ದುಗಳನ್ನು ಎರಡು ಪಟ್ಟು ಕೊಟ್ಟರೆ ರಕ್ತದಲ್ಲೂ ಎರಡು ಪಟ್ಟಾಗುತ್ತದೆ. ಇದು ಹಾಗಲ್ಲ. ಇದನ್ನು ಕರಗಿಸಿ ಹೊರಹಾಕುವ ಲಿವರಿನ ಕಿಣ್ವ ಸಿಂಧನೂರಿನ ರೈಸ್ ಮಿಲ್ಲಿನಂತೆ: ದಿನಕ್ಕೆ ಇಷ್ಟೇ ಚೀಲ. ಅಷ್ಟರೊಳಗೆ ಭತ್ತ ಬಂದರೆ ಅಂಗಳ ಖಾಲಿ, ಅದರ ಮೇಲೆ ದಿನಕ್ಕೆ ಹತ್ತು ಚೀಲ ಹೆಚ್ಚು ಬಂದರೂ ಲಾರಿಗಳ ಸಾಲು ದಿನೇ ದಿನೇ ಉದ್ದವಾಗುತ್ತ ಹೋಗುತ್ತದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. ದಿನಕ್ಕೆ 300 ಮಿ.ಗ್ರಾಂ ತೆಗೆದುಕೊಳ್ಳುವ ಒಬ್ಬರ ರಕ್ತದಲ್ಲಿ ಮಟ್ಟ 12 ಇದೆ ಅಂದುಕೊಳ್ಳಿ. 200ಕ್ಕೆ ಇಳಿಸಿದರೆ ಅದು 5ರ ಕೆಳಗೆ ಹೋಗುತ್ತದೆ. 350 ಮಾಡಿದರೆ 20 ದಾಟುತ್ತದೆ. 400 ಮಾಡಿದರೆ 30 ಕೂಡ ಎಲ್ಲೋ ಹಿಂದೆ ಉಳಿಯುತ್ತದೆ. ಒಂದೇ ಒಂದು ಗುಳಿಗೆಯ ವ್ಯತ್ಯಾಸ! ಮತ್ತೆ ಈ ಏರಿಕೆ ಮರುದಿನವೇ ಕಾಣುವುದಿಲ್ಲ, ವಾರ ಎರಡು ವಾರ ಹಿಡಿದು ನಿಧಾನಕ್ಕೆ ಏರುತ್ತದೆ. ಗುಳಿಗೆ ಹೆಚ್ಚಿಸಿದ್ದಕ್ಕೂ ತಲೆ ತಿರುಗಿದ್ದಕ್ಕೂ ಇರುವ ನಂಟು ಮನೆಯವರಿಗೆ ಹೊಳೆಯದಿರುವುದು ಇದರಿಂದ.

ಸಿರುಗುಪ್ಪದ ಕಡೆಯ ಒಬ್ಬ ಹಮಾಲಿಯನ್ನು ಅವನ ತಾಯಿ ಕರೆತಂದಿದ್ದರು. ಫಿಟ್ಸ್ ಮತ್ತೆ ಬಂತೆಂದು ಬೇರೆ ಕಡೆ ಗುಳಿಗೆ ಏರಿಸಿದ್ದರು. ಕೆಲವು ವಾರಕ್ಕೆ ಅವನು ತೂರಾಡಲು ಶುರುಮಾಡಿದ, ಮಾತು ತೊದಲಿತು, ಚೀಲ ಹೊತ್ತು ಹಲಗೆ ಏರುವಾಗ ಬಿದ್ದ. ಕುಡಿದು ಕೆಲಸಕ್ಕೆ ಬರುತ್ತಾನೆಂದು ಮಾಲೀಕರು ಮನೆಗೆ ಕಳಿಸಿದ್ದರು. "ಯವ್ವಾ, ಅವ ಕುಡಿಯಂಗಿಲ್ಲ. ಹುಲಿಗೆಮ್ಮನ ಆಣಿ ಮಾಡಿ ಹೇಳ್ತೀನಿ" ಎಂದು ಆಕೆ ನನ್ನ ಕೈ ಹಿಡಿದುಕೊಂಡರು. ಬೆರಳನ್ನು ಅವನ ಕಣ್ಣ ಮುಂದೆ ಹಿಡಿದು ಪಕ್ಕಕ್ಕೆ ಒಯ್ದರೆ ಕಣ್ಣುಗುಡ್ಡೆ ಒಂದೇ ಸಮನೆ ತುಯ್ದಾಡುತ್ತಿತ್ತು. ಫೆನಿಟಾಯಿನ್ 20 ದಾಟಿದಾಗ ಮೊದಲು ಕಾಣುವುದು ಈ ಕಣ್ಣಿನ ತುಯ್ದಾಟ. 30ರ ಸುತ್ತ ನಡಿಗೆ ತಪ್ಪುತ್ತದೆ, 40ರ ಸುತ್ತ ಮಂಪರು ಕವಿಯುತ್ತದೆ. ಹಲ್ಲು ತೋರಿಸೆಂದರೆ ಒಸಡು ಉಬ್ಬಿ ಹಲ್ಲಿನ ಮೇಲೇರಿತ್ತು. ಅದು ವರ್ಷಗಟ್ಟಲೆ ಈ ಗುಳಿಗೆ ನುಂಗಿದವರ ಗುರುತು. ರಕ್ತ ತೆಗೆದು ನೋಡಿದೆವು, ಅಂದಾಜು ಮಾಡಿದ್ದಕ್ಕಿಂತ ಮೇಲೇ ಇತ್ತು. ನರರೋಗ ತಜ್ಞರು ಗುಳಿಗೆಯನ್ನು ಕೆಲವು ದಿನ ತಡೆಹಿಡಿದು, ಆಮೇಲೆ 50 ಮಿ.ಗ್ರಾಂ ಗುಳಿಗೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಹೊಂದಿಸಿದರು. ಮೊದಲಿಗೆ ಫಿಟ್ಸ್ ಯಾಕೆ ಮರಳಿತ್ತು ಎಂದು ಕೆದಕಿದರೆ, ಊರ ಜಾತ್ರೆಗೆ ಹೋದಾಗ ಗುಳಿಗೆ ತಪ್ಪಿಸಿದ್ದ. ಅವನಿಗೆ ಮದ್ದು ಸಾಲದೆ ಆಗಿದ್ದೇ ಅಲ್ಲ.

ರಕ್ತದ ಮಟ್ಟ ಅಳೆಯಲು ನಮ್ಮಲ್ಲಿರುವುದು ಎಚ್‌ಪಿಎಲ್‌ಸಿ ಯಂತ್ರ. ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಅದು. ವಿಧಾನ ಕಷ್ಟದ್ದಲ್ಲ. ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ಅಸಿಟೋನೈಟ್ರೈಲ್ ಬೆರೆಸಿ ಪ್ರೋಟೀನನ್ನು ಗಟ್ಟಿಮಾಡಿ ಕೆಳಗಿಳಿಸಿ, ಮೇಲಿನ ತಿಳಿಯನ್ನು ಯಂತ್ರದ ಕಾಲಮ್ ಎಂಬ ಕೊಳವೆಯೊಳಗೆ ಬಿಡುವುದು. ಫೆನಿಟಾಯಿನ್ ತನ್ನ ಹೊತ್ತಿಗೆ ಹೊರಬಂದು ಪರದೆಯ ಮೇಲೆ ಒಂದು ಗುಡ್ಡ ಮೂಡಿಸುತ್ತದೆ, ಗುಡ್ಡದ ವಿಸ್ತಾರವೇ ಅಳತೆ. ಇಲ್ಲೂ ಬಿಸಿಲಿನ ಕಾಟ. ಕೋಣೆ ಕಾದರೆ ಗುಡ್ಡ ಮೂಡುವ ಹೊತ್ತು ಹಿಂದೆಮುಂದೆ ಸರಿಯುತ್ತದೆ. ಕಾಲಮ್ಮಿಗೆ ಅದರದೇ ಓವನ್ ಇಟ್ಟು ಉಷ್ಣತೆ ಕಟ್ಟಿಹಾಕಿದ ಮೇಲೆಯೇ ನಾನು ಬೇಸಿಗೆಯ ಅಂಕಿಗಳನ್ನು ನಂಬಲು ಶುರುಮಾಡಿದ್ದು. ಯಂತ್ರಕ್ಕಿಂತ ತ್ರಾಸಿನದು ರಕ್ತ ತೆಗೆಯುವ ವೇಳೆ. ಬೆಳಿಗ್ಗೆ ಗುಳಿಗೆ ನುಂಗುವ ಮೊದಲೇ ತೆಗೆಯಬೇಕು. ಕುಷ್ಟಗಿ, ಮಾನ್ವಿಯಿಂದ ಮೊದಲ ಬಸ್ಸಿಗೆ ಹೊರಟು ಬರುವವರು "ದವಾಖಾನಿಗೆ ಹೊಂಟೀವಿ, ತಪ್ಪಿಸಬಾರದು" ಎಂದು ಗುಳಿಗೆ ನುಂಗಿಯೇ ಬರುತ್ತಾರೆ. ಅದಕ್ಕೆ ನಾವು ಚೀಟಿಯ ಹಿಂದೆ ದಪ್ಪಕ್ಷರದಲ್ಲಿ "ಗುಳಿಗಿ ಕಿಸೆದಾಗ ಇಟ್ಕೊಂಡ್ ಬರ್ರಿ, ರಕ್ತ ಕೊಟ್ಟ ಮ್ಯಾಲೆ ನುಂಗ್ರಿ" ಎಂದು ಬರೆದುಕೊಡುತ್ತೇವೆ.

ಹೀಗೆ ನೋಡುತ್ತ ಬಂದಂತೆ, ಮದ್ದಿಗೆ ಬಗ್ಗದ ಫಿಟ್ಸ್ ಎಂದು ಚೀಟಿಯಲ್ಲಿ ಬರೆಸಿಕೊಂಡು ಬಂದ ಬಹಳಷ್ಟು ಜನರ ರಕ್ತದಲ್ಲಿ ಮದ್ದೇ ಇರುತ್ತಿರಲಿಲ್ಲ, ಅಥವಾ ಇರಬೇಕಾದಷ್ಟು ಇರುತ್ತಿರಲಿಲ್ಲ. ಕಾರಣ ಹುಡುಕುವುದು ಪೊಲೀಸರ ಹಾಗೆ ಗದರಿಸಿದರೆ ಆಗದು. "ಗುಳಿಗೆ ತಪ್ಪಿಸ್ತೀರಾ?" ಎಂದರೆ ಎಲ್ಲರೂ "ಇಲ್ರೀ" ಅನ್ನುತ್ತಾರೆ. "ಹೋದ ತಿಂಗಳು ಎಂದಾದರೂ ಗುಳಿಗೆ ಉಳಿದಿದ್ದುವಾ?" ಎಂದು ಕೇಳಿದರೆ ಮಾತು ಬರುತ್ತದೆ. ಶ್ರಾವಣ ಸೋಮವಾರದ ಉಪವಾಸಕ್ಕೆ ಬಿಟ್ಟವರು. ರಂಜಾನ್ ತಿಂಗಳಲ್ಲಿ ಮಧ್ಯಾಹ್ನದ ಗುಳಿಗೆ ಬಿಟ್ಟವರು. ಇವರಿಗೆ ಫೆನಿಟಾಯಿನ್ ರಾತ್ರಿ ಒಂದೇ ಹೊತ್ತಿಗೆ ಕೊಡಬಹುದು, ಆದರೆ ವೈದ್ಯರಿಗೆ ಹೇಳಿದರೆ ತಾನೆ? ಬೆಂಗಳೂರಿಗೆ ಗುಳೆ ಹೋಗಿ, ಸೈಟಿನ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಬೇರೆ ಕಂಪನಿಯ ಗುಳಿಗೆ ನುಂಗಿದವರು. ಮೇಲೆ ಹೇಳಿದ ಲೆಕ್ಕ ನೆನಪಿದ್ದರೆ ಫೆನಿಟಾಯಿನ್‌ನಲ್ಲಿ ಇಷ್ಟು ಸಣ್ಣ ವ್ಯತ್ಯಾಸವೂ ಏಕೆ ತೊಂದರೆ ಎಂದು ತಿಳಿಯುತ್ತದೆ. ಮಕ್ಕಳಿಗೆ ಕೊಡುವ ಸಿರಪ್ಪಿನದು ಬೇರೆಯೇ ಕತೆ: ಮದ್ದು ತಳದಲ್ಲಿ ಕೂತಿರುತ್ತದೆ, ಬಾಟಲಿ ಚೆನ್ನಾಗಿ ಕುಲುಕದೆ ಕೊಟ್ಟರೆ ಮೊದಲ ವಾರ ಬರೀ ಸಿಹಿ ನೀರು, ಕೊನೆಯ ವಾರ ವಿಷದಷ್ಟು ಮದ್ದು. ಮಗು ತಿಂಗಳ ಮೊದಲಿಗೆ ಫಿಟ್ಸ್ ಬಂದು ತಿಂಗಳ ಕೊನೆಗೆ ಮಂಪರಾಗುತ್ತದೆ ಎಂದು ತಾಯಿ ಹೇಳಿದರೆ ನಾನು ಮೊದಲು ಬಾಟಲಿ ಕೇಳುತ್ತೇನೆ.

ಟಿಬಿ ಮದ್ದಿನ ವಿಷಯ ನಮ್ಮ ಕಡೆ ವಿಶೇಷವಾಗಿ ಗಮನದಲ್ಲಿರಬೇಕು. ಐಸೋನಿಯಜಿಡ್ ಫೆನಿಟಾಯಿನ್ ಕರಗುವುದನ್ನು ತಡೆದು ಮಟ್ಟ ಏರಿಸುತ್ತದೆ. ರಿಫಾಂಪಿಸಿನ್ ತದ್ವಿರುದ್ಧ, ಲಿವರನ್ನು ಚುರುಕು ಮಾಡಿ ಮಟ್ಟ ಇಳಿಸುತ್ತದೆ. ಟಿಬಿ ಚಿಕಿತ್ಸೆಯಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ, ಆದ್ದರಿಂದ ಯಾರಿಗೆ ಏರುತ್ತದೆ ಯಾರಿಗೆ ಇಳಿಯುತ್ತದೆ ಎಂದು ಕೂತಲ್ಲೇ ಹೇಳಲಾಗದು, ಅಳೆಯಲೇಬೇಕು. ಟಿಬಿ ಮದ್ದು ಮುಗಿದ ದಿನ ಲೆಕ್ಕ ಮತ್ತೊಮ್ಮೆ ತಿರುಗುತ್ತದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಕಷ್ಟ ಬೇರೆ ಥರದ್ದು. ಮದುವೆ ಮಾತುಕತೆಯಲ್ಲಿ ಕಾಯಿಲೆ ಮುಚ್ಚಿಡುತ್ತಾರೆ, ಗಂಡನ ಮನೆಯಲ್ಲಿ ಗುಳಿಗೆ ನುಂಗುವುದು ಕಂಡರೆ ಗತಿಯೇನೆಂದು ಆಕೆ ನಿಲ್ಲಿಸುತ್ತಾಳೆ, ಫಿಟ್ಸ್ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರಲ್ಲಿ ತೆಗೆದುಹಾಕಿದ್ದಾರೆ. ಇದನ್ನು ನಾನು ತಾಯಂದಿರಿಗೆ ಹೇಳಿದರೆ "ಕಾಯ್ದೆ ಬಳ್ಳಾರಿಗೆ ಬಂದೈತೇನವ್ವ?" ಎಂದು ಒಬ್ಬರು ಕೇಳಿದ್ದರು. ನನ್ನ ಕೈಲಿರುವುದು ಮದ್ದಿನ ಮಾತು, ಅದನ್ನು ಬಿಡದೆ ಹೇಳುತ್ತೇನೆ: ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಬೇರೆ ದಾರಿ ಇರುವಾಗ ವಾಲ್‌ಪ್ರೋಯೇಟ್ ಬೇಡ. ಬಸುರಿನಲ್ಲಿ ಅದನ್ನು ನುಂಗಿದವರ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಹುಟ್ಟಿನ ದೋಷ ಕಾಣುತ್ತದೆ, ಬುದ್ಧಿಯ ಬೆಳವಣಿಗೆಗೂ ಪೆಟ್ಟು. ಲೆವೆಟಿರಸೆಟಂ, ಲ್ಯಾಮೋಟ್ರಿಜಿನ್‌ಗಳಲ್ಲಿ ಈ ಭಯ ಬಹಳ ಕಡಿಮೆ. ಹಾಗೆಂದು ಬಸುರಿ ತಾನೇ ಗುಳಿಗೆ ನಿಲ್ಲಿಸುವುದು ಇನ್ನೂ ಅಪಾಯ. ಬಸುರಿನಲ್ಲಿ ಲ್ಯಾಮೋಟ್ರಿಜಿನ್ ಮಟ್ಟ ತಾನಾಗಿಯೇ ಕುಸಿಯುತ್ತದೆ, ಅಲ್ಲೂ ರಕ್ತ ನೋಡುವುದು ಒಳ್ಳೆಯದು.

ಮಟ್ಟ ಸರಿಯಿದೆ, ಗುಳಿಗೆ ತಪ್ಪಿಸಿಲ್ಲ, ಆದರೂ ಫಿಟ್ಸ್ ಬರುತ್ತಿದೆ. ಆಗ ಮೆದುಳಿನ ಕಡೆ ತಿರುಗಬೇಕು, ಆಗ ನನ್ನ ಲ್ಯಾಬಿನ ಪಾಠ ಮತ್ತೆ ಉಪಯೋಗಕ್ಕೆ ಬರುತ್ತದೆ. ಎಸ್‌ಸಿಎನ್1ಎ ಎಂಬ ಜೀನ್ ಕೆಟ್ಟ ಮಕ್ಕಳನ್ನೇ ತೆಗೆದುಕೊಳ್ಳಿ. ಡ್ರಾವೆ ಸಿಂಡ್ರೋಮ್ ಎಂಬ ಮಕ್ಕಳ ಕಠಿಣ ಫಿಟ್ಸ್ ಕಾಯಿಲೆಗೂ ಈ ಜೀನಿಗೂ ಇರುವ ನಂಟು ಗೊತ್ತಾದದ್ದು 2001ರಲ್ಲಿ. ವರ್ಷ ತುಂಬುವ ಮೊದಲೇ ಜ್ವರದಲ್ಲಿ ಉದ್ದುದ್ದ ಫಿಟ್ಸ್ ಶುರುವಾಗುತ್ತದೆ. ಆ ಜೀನ್ ತಯಾರಿಸುವ ಸೋಡಿಯಂ ಚಾನೆಲ್ ಹೆಚ್ಚಾಗಿರುವುದು ಗಾಬಾ ಸುರಿಸಿ ಬೇರೆ ಕೋಶಗಳನ್ನು ಸುಮ್ಮನಿರಿಸುವ ನರಕೋಶಗಳಲ್ಲಿ. ಮೊದಲೇ ಸೊರಗಿದ ಆ ಕೋಶಗಳ ಸೋಡಿಯಂ ಚಾನೆಲನ್ನು ಫೆನಿಟಾಯಿನೋ ಕಾರ್ಬಮಜೆಪೀನೋ ಕೊಟ್ಟು ಮತ್ತೂ ಕಟ್ಟಿದರೆ ಫಿಟ್ಸ್ ಹೆಚ್ಚುತ್ತದೆ. ಗುಳಿಗೆ ಏರಿಸಿದಷ್ಟೂ ಮಗು ಹದಗೆಡುತ್ತದೆ ಎಂದು ಅಪ್ಪ ಅಮ್ಮ ಹೇಳಿದರೆ ಅವರ ಮಾತನ್ನು ತಳ್ಳಿಹಾಕಬಾರದು. ಇಲ್ಲಿ ರಕ್ತದ ಮಟ್ಟ ಎಷ್ಟು ಚೆನ್ನಾಗಿದ್ದರೂ ಅದು ತಪ್ಪು ಮದ್ದಿನ ಒಳ್ಳೆಯ ಮಟ್ಟ.

ನಮ್ಮ ರಾಜ್ಯಕ್ಕೇ ಹೆಸರು ತಂದ ಇನ್ನೊಂದು ಬಗೆ ಬಿಸಿನೀರಿನ ಫಿಟ್ಸ್. ತಲೆಯ ಮೇಲೆ ಬಿಸಿಬಿಸಿ ನೀರನ್ನು ತಂಬಿಗೆ ಮೇಲೆ ತಂಬಿಗೆ ಹುಯ್ದುಕೊಳ್ಳುವಾಗ ಬರುವಂಥದ್ದು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದಲ್ಲೇ ಇದನ್ನು ವರದಿ ಮಾಡಿದ್ದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ತಂಡದವರು ರೋಗಿಗಳನ್ನೂ ನೋಡಿ, ಇಲಿಗಳ ತಲೆಗೆ ಬಿಸಿನೀರು ಹಾಯಿಸಿ ಅದೇ ಬಗೆಯ ಫಿಟ್ಸ್ ಬರಿಸಿ, ಇದರ ಒಳಗುಟ್ಟನ್ನು ಬಿಡಿಸಲು ಹೊರಟರು. ಮೈಸೂರು ಕಡೆ ಹೆಚ್ಚು ಅನ್ನುತ್ತಾರೆ. ನಮ್ಮ ಓಪಿಡಿಯಲ್ಲಿ ಅಪರೂಪ, ಆದರೆ ಯುಗಾದಿ ದೀಪಾವಳಿ ಮುಗಿದ ವಾರ ನಾನು ಕೇಳಿಯೇ ಕೇಳುತ್ತೇನೆ: "ಎಣ್ಣಿ ಹಚ್ಕೊಂಡು ಎರಕೊಂಡಾಗ ಬಂತಾ?" ಹೊರಗೆ ಸುಡುಬಿಸಿಲಿದ್ದರೂ ಹಬ್ಬಕ್ಕೆ ಹಂಡೆ ತುಂಬ ಕುದಿನೀರು ಕಾಯಿಸಿಯೇ ಎರೆಯುವ ಜನ ನಾವು. ಇಂಥವರಲ್ಲಿ ಕೆಲವರಿಗೆ ದಿನಾ ಗುಳಿಗೆಯೇ ಬೇಕಾಗುವುದಿಲ್ಲ. ನೀರು ಉಗುರುಬೆಚ್ಚಗಿರಲಿ, ಮೊದಲು ಮೈಗೆ ಹಾಕಿಕೊಳ್ಳಲಿ, ತಲೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದರಲ್ಲೂ ಆಗದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುವ ಪದ್ಧತಿಯಿದೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಇಷ್ಟಕ್ಕೆ ಮುಗಿಯುವ ಕಾಯಿಲೆಗೆ ವರ್ಷಗಟ್ಟಲೆ ಮೂರು ಮದ್ದು ನುಂಗಿಸಿದ ಚೀಟಿಯನ್ನೂ ನೋಡಿದ್ದೇನೆ.

ಎಲ್ಲ ಸರಿಮಾಡಿದರೂ ಉಳಿಯುವವರು ಉಳಿಯುತ್ತಾರೆ. ಸ್ಕಾಟ್ಲೆಂಡಿನ ಕ್ವಾನ್ ಮತ್ತು ಬ್ರೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೊದಲು ಕೊಟ್ಟ ಮದ್ದಿನಿಂದಲೇ 47% ಜನರಿಗೆ ಫಿಟ್ಸ್ ನಿಂತಿತ್ತು, ಎರಡನೆಯ ಮೂರನೆಯ ಮದ್ದಿನಿಂದ ಇನ್ನೂ 14% ಜನರಿಗೆ. ಅದಾದ ಮೇಲೆ ಗುಳಿಗೆ ಬದಲಿಸುತ್ತ ಹೋದರೆ ಸಿಗುವ ಫಲ ತೀರ ಕಡಿಮೆ. ಸರಿಯಾಗಿ ಆರಿಸಿದ, ಸರಿಯಾದ ಮಟ್ಟದಲ್ಲಿ ಕೊಟ್ಟ ಎರಡು ಮದ್ದು ಸೋತರೆ ಅದನ್ನು ಮದ್ದಿಗೆ ಬಗ್ಗದ ಫಿಟ್ಸ್ ಎಂದು ಕರೆಯಬೇಕೆನ್ನುವುದು 2010ರಿಂದ ಜಗತ್ತೆಲ್ಲ ಒಪ್ಪಿದ ಮಾತು. ಅಂಥವರನ್ನು ಎಂಆರ್‌ಐ ಮಾಡಿಸಿ, ಶಸ್ತ್ರಚಿಕಿತ್ಸೆಗೆ ಆಗುತ್ತದೆಯೇ ನೋಡಲು ನಿಮ್ಹಾನ್ಸ್‌ನಂಥ ಕಡೆಗೆ ಬೇಗ ಕಳಿಸಬೇಕು. "ಸರಿಯಾದ ಮಟ್ಟದಲ್ಲಿ" ಅನ್ನುವ ಮಾತನ್ನು ನುಂಗಿಕೊಂಡು ಕಳಿಸಿದರೆ, ಪಾಪದ ಜನ ಸಾಲ ಮಾಡಿ ಬೆಂಗಳೂರಿಗೆ ಹೋಗಿ "ಮೊದಲು ಗುಳಿಗೆ ಸರಿಯಾಗಿ ನುಂಗಿ" ಅನ್ನಿಸಿಕೊಂಡು ಮರಳುತ್ತಾರೆ.

ಫಿಟ್ಸ್ ಬಂದಾಗ ಏನು ಮಾಡಬೇಕೆಂಬುದನ್ನು ಬರೆಯದೆ ಮುಂದೆ ಹೋದರೆ ನನ್ನ ತಾಯಿಯೇ ಬೈಯುತ್ತಾರೆ. ಕೈಗೆ ಬೀಗದ ಕೈ, ಕಬ್ಬಿಣ ಹಿಡಿಸಬೇಡಿ, ಚಪ್ಪಲಿ ಈರುಳ್ಳಿ ಮೂಸಿಸಬೇಡಿ, ಬಾಯಿಗೆ ಚಮಚ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇಯನ್ನು ವೈದ್ಯರು ಕೊಟ್ಟಿದ್ದರೆ ಆಗ ಬಳಸಿ. ಕಬ್ಬಿಣ ಹಿಡಿಸಿದ ಮೇಲೆ ನಿಂತಿತು ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಬೀಗದ ಕೈ ಹುಡುಕಲು ಅಷ್ಟು ಹೊತ್ತು ಬೇಕೇ ಬೇಕು.

ಸದ್ಯ ನಾವು ಕೈಹಾಕಿರುವುದು ಜೊಲ್ಲಿನಲ್ಲಿ ಫೆನಿಟಾಯಿನ್ ಅಳೆಯುವುದಕ್ಕೆ. ರಕ್ತದಲ್ಲಿರುವ ಫೆನಿಟಾಯಿನ್‌ನಲ್ಲಿ ಸುಮಾರು 90% ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಮೆದುಳಿಗೆ ಹೋಗಿ ಕೆಲಸ ಮಾಡುವುದು ಅಂಟದೆ ಉಳಿದ ಹತ್ತರ ಪಾಲು ಮಾತ್ರ. ಜೊಲ್ಲಿಗೆ ಇಳಿಯುವುದೂ ಅದೇ ಪಾಲು. ಅರೆಹೊಟ್ಟೆ, ಲಿವರಿನ ತೊಂದರೆ ಇದ್ದು ಆಲ್ಬುಮಿನ್ ಕಡಿಮೆಯಾದವರಲ್ಲಿ ಒಟ್ಟು ಮಟ್ಟ ಕಡಿಮೆ ತೋರಿಸಿದರೂ ಕೆಲಸದ ಪಾಲು ಹೆಚ್ಚಿರಬಹುದು, ಅಂಥವರಿಗೆ ಜೊಲ್ಲಿನ ಅಳತೆಯೇ ನಿಜಕ್ಕೆ ಹತ್ತಿರ. ಮಕ್ಕಳಿಗೆ ಸೂಜಿ ತಪ್ಪುತ್ತದೆ. ಊರಲ್ಲೇ ಆಶಾ ಕಾರ್ಯಕರ್ತೆಯರು ಸಣ್ಣ ಬಾಟಲಿಗೆ ಉಗುಳಿಸಿ ಬಸ್ಸಿಗೆ ಹಾಕಿ ಕಳಿಸಿದರೂ ಆದೀತು ಅನ್ನುವುದು ನಮ್ಮ ಆಸೆ. ತೊಡಕಾಗಿರುವುದು ಎಲೆಅಡಿಕೆ ತಂಬಾಕು. ಬಾಯಿ ಕೆಂಪಗೆ ಮಾಡಿಕೊಂಡು ಬಂದವರ ಜೊಲ್ಲನ್ನು ಕಾಲಮ್ಮಿಗೆ ಬಿಟ್ಟರೆ ಫೆನಿಟಾಯಿನ್ ಗುಡ್ಡದ ಪಕ್ಕದಲ್ಲೇ ಇನ್ನೇನೇನೋ ಗುಡ್ಡಗಳು ಏಳುತ್ತವೆ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂಡಿಸಿ ನೋಡಿದೆವು, ಸ್ವಲ್ಪ ತಿಳಿಯಾಯಿತು, ಪೂರ್ತಿ ಆಗಲಿಲ್ಲ. ಈಗ ರಾತ್ರಿಯೇ ಎಲೆಅಡಿಕೆ ಬಿಟ್ಟು ಬೆಳಿಗ್ಗೆ ಹಲ್ಲುಜ್ಜಿ ಬರಲು ಹೇಳುತ್ತಿದ್ದೇವೆ. ಗುಳಿಗೆ ತಪ್ಪಿಸದಿರಲು ಒಪ್ಪಿದವರೂ ಇದಕ್ಕೆ ಸುಲಭಕ್ಕೆ ಒಪ್ಪುತ್ತಿಲ್ಲ.